ಹಳೆಯ ಲ್ಯಾಪ್‌ಟಾಪನ್ನು ಲಿನಕ್ಸ್‌ಗೆ ಬದಲಾಯಿಸುವ ಬಗೆ, ನುಡಿ ಕಡತಗಳನ್ನೂ ಉಳಿಸಿಕೊಂಡು

ತಿಪಟೂರಿನ ಬಳಿ ತೆಂಗಿನ ತೋಟ ಮಾಡಿಕೊಂಡಿರುವ ನಮ್ಮ ದೊಡ್ಡಪ್ಪ ತಮ್ಮೂರಿನ ಬೆಳೆಗಾರರ ಸಂಘದ ಕಾರ್ಯದರ್ಶಿಯೂ ಹೌದು. ಒಂದು ಭಾನುವಾರ ಅವರು ತಮ್ಮ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು ತುಮಕೂರಿನ ನಮ್ಮ ಮನೆಗೆ ಬಂದರು. ವಿಂಡೋಸ್ 10ರ ಬೆಂಬಲ ಮುಗಿದಿದೆ ಎಂಬ ಸೂಚನೆ ಪರದೆಯ ಮೇಲೆ ಮತ್ತೆ ಮತ್ತೆ ಬರುತ್ತಿತ್ತು. ವಿಚಾರಿಸಲು ಹೋದ ಅಂಗಡಿಯಲ್ಲಿ, ಇದಕ್ಕೆ ವಿಂಡೋಸ್ 11 ಹಾಕಲು ಬರುವುದಿಲ್ಲ, ಇದರ ಕಾಲ ಮುಗಿಯಿತು, ಹೊಸದನ್ನೇ ಕೊಳ್ಳಿ ಎಂದು ಹೇಳಿ ಕಳುಹಿಸಿದ್ದರು. “ಬಟನ್ನೆಲ್ಲ ಒತ್ತುತ್ತೆ, ಸ್ಕ್ರೀನ್ ಚೆನ್ನಾಗೈತೆ, ಚಾರ್ಜಿಗೆ ಹಾಕಿದ್ರೆ ಹತ್ಕೊಳ್ತೈತೆ. ಕೆಟ್ಟಿರೋದು ಏನಪ್ಪ ಇದ್ರಲ್ಲಿ?” ಎಂದು ಕೇಳಿದರು.

ಕೆಟ್ಟಿದ್ದದ್ದು ಏನೂ ಇರಲಿಲ್ಲ. ಆ ದಿನ ಆ ಯಂತ್ರಕ್ಕೆ ಏನು ಮಾಡಿದೆನೋ, ಆಮೇಲೆ ಪರಿಚಿತರ ಐದಾರು ಯಂತ್ರಗಳಿಗೆ ಏನು ಮಾಡಿದೆನೋ ಅದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಕಂಪ್ಯೂಟರನ್ನು ದಿನವೂ ಬಳಸುವ, ಆದರೆ ಅದರ ಒಳಗನ್ನು ಬಿಚ್ಚಿ ನೋಡದವರೂ ಇದನ್ನು ಓದಿಕೊಂಡು ಮಾಡಬಹುದು. ಒಂದು ಇಡೀ ದಿನ ಬಿಡುವು ಮಾಡಿಕೊಳ್ಳಿ.

ಬೆಂಬಲ ಮುಗಿಯುವುದು ಎಂದರೇನು

ಮೈಕ್ರೋಸಾಫ್ಟ್ ವಿಂಡೋಸ್ 10ನ್ನು 2015ರ ಜುಲೈ 29ರಂದು ಹೊರತಂದಿತು. 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅಂದಮಾತ್ರಕ್ಕೆ ಕಂಪ್ಯೂಟರ್ ನಿಲ್ಲುವುದಿಲ್ಲ. ತಿಂಗಳಿಗೊಮ್ಮೆ ಬರುತ್ತಿದ್ದ ಭದ್ರತಾ ತಿದ್ದುಪಡಿಗಳು ಮಾತ್ರ ನಿಲ್ಲುತ್ತವೆ, ಇನ್ನು ಮುಂದೆ ಪತ್ತೆಯಾಗುವ ಪ್ರತಿಯೊಂದು ದೋಷವೂ ಮುಚ್ಚದ ಬಾಗಿಲಾಗಿ ಉಳಿಯುತ್ತದೆ. ಬ್ಯಾಂಕಿನ ವ್ಯವಹಾರವನ್ನು ಅದೇ ಯಂತ್ರದಲ್ಲಿ ಮಾಡುವವರು ಇದನ್ನು ಹಗುರವಾಗಿ ನೋಡಬಾರದು.

ಹತ್ತು ವರ್ಷ ತಿದ್ದುಪಡಿ ಕೊಟ್ಟದ್ದು ಸಣ್ಣ ಮಾತಲ್ಲ, ಆ ವಿಷಯದಲ್ಲಿ ಕಂಪನಿಯ ಮೇಲೆ ನನಗೆ ದೂರಿಲ್ಲ. ನನ್ನ ಆಕ್ಷೇಪ ಇರುವುದು ಮುಂದಿನ ಬಾಗಿಲಿನ ಹೊಸ್ತಿಲನ್ನು ಎತ್ತರಿಸಿದ ರೀತಿಗೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಮತ್ತು ಇಂಟೆಲ್ ಪ್ರೊಸೆಸರ್ ಆದರೆ, ಕೆಲವೇ ವಿನಾಯಿತಿಗಳನ್ನು ಬಿಟ್ಟು, ಎಂಟನೇ ತಲೆಮಾರಿನದು ಅಥವಾ ಅದಕ್ಕಿಂತ ಹೊಸದು ಇರಬೇಕು. ಟಿಪಿಎಂ ನಿರರ್ಥಕವಲ್ಲ, ಡಿಸ್ಕ್ ಗೂಢಲಿಪೀಕರಣದ ಕೀಲಿಯನ್ನು ಪ್ರತ್ಯೇಕವಾಗಿ ಕಾಪಾಡುವ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಆದರೆ ಪತ್ರ ಬರೆಯಲು, ಬ್ಯಾಂಕಿನ ಜಾಲತಾಣ ತೆರೆಯಲು ಧಾರಾಳವಾಗಿ ಸಾಲುವ ಯಂತ್ರವನ್ನು ಗುಜರಿಗೆ ಹಾಕಬೇಕೋ ಬೇಡವೋ ಎಂಬುದನ್ನು ಅದನ್ನು ದುಡ್ಡು ಕೊಟ್ಟು ಕೊಂಡವರು ತೀರ್ಮಾನಿಸಬೇಕು.

ತುಮಕೂರಿನವರಿಗೆ ಇದನ್ನು ವಿವರಿಸಲು ಎಚ್‌ಎಂಟಿ ಗಡಿಯಾರ ಸಾಕು. ನಮ್ಮೂರಿನಲ್ಲೇ ಅದರ ಕಾರ್ಖಾನೆಯಿತ್ತು. 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ದೊಡ್ಡಪ್ಪನ ಕೈಯಲ್ಲಿರುವ ಕೀ ಕೊಡುವ ಎಚ್‌ಎಂಟಿ ಇಂದಿಗೂ ನಡೆಯುತ್ತಿದೆ, ಏಕೆಂದರೆ ಅದರ ಹಿಂಬದಿಯ ಮುಚ್ಚಳ ತೆಗೆದು, ತೊಳೆದು, ಎಣ್ಣೆ ಬಿಟ್ಟು ಕೊಡಲು ರಸ್ತೆ ಬದಿಯ ಗಡಿಯಾರ ರಿಪೇರಿಯವರಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ವಿಂಡೋಸ್‌ನ ಹಾಗೆ ಇಡೀ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಕೂಡ ಹೀಗೆ ಮುಚ್ಚಳ ತೆಗೆಯಲು ಬರುವ ತಂತ್ರಾಂಶ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಅದನ್ನು ಶುರುಮಾಡಿದರು. ಮೂಲ ಸಂಕೇತ ಎಲ್ಲರಿಗೂ ಮುಕ್ತವಾಗಿರುವುದರಿಂದ ಒಂದು ತಂಡ ಕೈಬಿಟ್ಟರೂ ಇನ್ನೊಂದು ತಂಡ ಅದನ್ನು ಮುಂದುವರಿಸಬಹುದು.

ಮೊದಲು ನಿಮ್ಮ ಯಂತ್ರ ಯಾವುದೆಂದು ನೋಡಿ

ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರ ಕೊನೆಯಲ್ಲಿ ಅಬೌಟ್ ಎಂಬುದನ್ನು ತೆರೆದರೆ ಪ್ರೊಸೆಸರ್‌ನ ಹೆಸರು ಕಾಣುತ್ತದೆ. ದೊಡ್ಡಪ್ಪನದು ಐ3-5005ಯು. ಅಡ್ಡಗೆರೆಯ ನಂತರ ನಾಲ್ಕು ಅಂಕಿಗಳಿದ್ದು ಮೊದಲನೆಯದು 5 ಆಗಿದ್ದರೆ ಅದು ಐದನೇ ತಲೆಮಾರು. ಐ5-8250ಯು ಎಂದಿದ್ದರೆ ಎಂಟನೆಯದು. ಎಂಟು ಅಥವಾ ಮೇಲ್ಪಟ್ಟಿದ್ದೂ ವಿಂಡೋಸ್ 11 ಆಗುವುದಿಲ್ಲ ಎಂಬ ಉತ್ತರ ಬರುತ್ತಿದ್ದರೆ ಗಾಬರಿಯಾಗಬೇಡಿ. ಬಹಳ ಸಲ ಟಿಪಿಎಂ ಯಂತ್ರದಲ್ಲೇ ಇದ್ದು, ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ತೆರೆದುಕೊಳ್ಳುವ ಯಂತ್ರದ ಮೂಲ ಸೆಟ್ಟಿಂಗ್‌ನಲ್ಲಿ, ಆಫ್ ಆಗಿರುತ್ತದೆ. ಇಂಟೆಲ್ ಯಂತ್ರಗಳಲ್ಲಿ ಪಿಟಿಟಿ ಎಂದೂ, ಎಎಂಡಿ ಯಂತ್ರಗಳಲ್ಲಿ ಎಫ್‌ಟಿಪಿಎಂ ಎಂದೂ ಅದರ ಹೆಸರಿರುತ್ತದೆ. ಅದನ್ನು ಆನ್ ಮಾಡಿದರೆ ವಿಂಡೋಸ್ 11 ಉಚಿತವಾಗಿಯೇ ಬರಬಹುದು. ಅಂಗಡಿಯವರ ಮಾತನ್ನು ಕೇಳಿ ಹೊಸದಕ್ಕೆ ಹಣ ಕಟ್ಟುವ ಮುನ್ನ ಇದೊಂದನ್ನು ನೋಡಿಕೊಳ್ಳಿ.

ಎಲ್ಲರೂ ಲಿನಕ್ಸ್‌ಗೆ ಬರಬೇಕು ಎಂದು ನಾನು ಹೇಳುವುದಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಂಗಡಿ, ಕೋರಲ್‌ಡ್ರಾದಲ್ಲಿ ಫ್ಲೆಕ್ಸ್ ಮಾಡುವ ಮುದ್ರಣಾಲಯ, ಆಟೋಕ್ಯಾಡ್ ಬೇಕಿರುವ ಎಂಜಿನಿಯರ್, ಡಿಜಿಟಲ್ ಸಹಿಯ ಡಾಂಗಲ್ ಚುಚ್ಚಿ ಟೆಂಡರ್ ಹಾಕುವ ಗುತ್ತಿಗೆದಾರ, ಇವರೆಲ್ಲ ವಿಂಡೋಸ್‌ನಲ್ಲೇ ಇರುವುದು ಒಳ್ಳೆಯದು. ಅವರಿಗೆ ಮೈಕ್ರೋಸಾಫ್ಟ್‌ನ ವಿಸ್ತರಿತ ಭದ್ರತಾ ತಿದ್ದುಪಡಿ ಯೋಜನೆಯಿದೆ. ಮನೆಬಳಕೆಯ ಯಂತ್ರಗಳಿಗೆ ಅದು 2026ರ ಅಕ್ಟೋಬರ್ 13ರವರೆಗೆ ಅನ್ವಯಿಸುತ್ತದೆ. ನಿಯಮ ತಪ್ಪಿಸಿ ಹಳೆಯ ಯಂತ್ರಕ್ಕೆ ವಿಂಡೋಸ್ 11 ಹಾಕುವ ಉಪಾಯಗಳೂ ಇವೆ, ಆದರೆ ಅಂಥ ಯಂತ್ರಕ್ಕೆ ಮುಂದೆ ತಿದ್ದುಪಡಿಗಳು ಬಂದೇ ಬರುತ್ತವೆ ಎಂಬ ಖಾತ್ರಿಯನ್ನು ಕಂಪನಿ ಕೊಡುವುದಿಲ್ಲ. ಹೊಟ್ಟೆಪಾಡು ಅದರ ಮೇಲಿದ್ದರೆ ಆ ದಾರಿ ಬೇಡ. ಇನ್ನು, ಕಡಿಮೆ ದುಡ್ಡಿಗೆ ಆಕ್ಟಿವೇಟರ್ ಹಾಕಿ ಕಳ್ಳಪ್ರತಿ ಕೂರಿಸಿಕೊಡುವವರ ಹತ್ತಿರ ದಯವಿಟ್ಟು ಹೋಗಬೇಡಿ. ಆಕ್ಟಿವೇಟರ್ ಓಡಬೇಕಾದರೆ ಆಂಟಿವೈರಸ್ಸನ್ನು ಆಫ್ ಮಾಡಿ ಎಂದು ಅವರೇ ಹೇಳುತ್ತಾರೆ. ಮನೆಯ ನಾಯಿಯನ್ನು ಕಟ್ಟಿಹಾಕಿ ಗೊತ್ತಿಲ್ಲದವರನ್ನು ಒಳಗೆ ಬಿಟ್ಟುಕೊಂಡಂತೆ ಅದು.

ಬ್ರೌಸರ್, ವಾಟ್ಸ್ಆ್ಯಪ್ ವೆಬ್, ಬ್ಯಾಂಕ್, ಯೂಟ್ಯೂಬ್, ಪತ್ರ, ಸರಳ ಲೆಕ್ಕದ ಹಾಳೆ ಇಷ್ಟೇ ನಿಮ್ಮ ಬಳಕೆಯಾಗಿದ್ದರೆ ಮುಂದಕ್ಕೆ ಓದಿ.

ನುಡಿ, ಬರಹ ಕಡತಗಳ ವಿಷಯ

ಕಡತಗಳ ನಕಲು ತೆಗೆಯುವುದು ಎಲ್ಲ ಮಾರ್ಗದರ್ಶಿಗಳಲ್ಲೂ ಇರುತ್ತದೆ. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಫೋಟೋಗಳು, ಬ್ರೌಸರ್‌ನ ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್‌ಗಳು, ಇಷ್ಟನ್ನು ಹೊರಗಿನ ಡಿಸ್ಕಿಗೆ ಹಾಕಿಕೊಂಡು, ಆ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಚುಚ್ಚಿ ನಾಲ್ಕಾರು ಕಡತಗಳನ್ನು ತೆರೆದು ನೋಡಿ. ತೆರೆದು ನೋಡದ ನಕಲನ್ನು ನಕಲು ಎಂದು ನಂಬಬೇಡಿ. ಕನ್ನಡಿಗರಿಗೆ ಇರುವ ತೊಡಕು ಬೇರೆಯೇ ಒಂದಿದೆ, ಅದರ ಬಗ್ಗೆ ವಿವರವಾಗಿ ಹೇಳಬೇಕು.

ದೊಡ್ಡಪ್ಪನ ಲ್ಯಾಪ್‌ಟಾಪಿನಲ್ಲಿ ಸಂಘದ ಹಲವು ವರ್ಷಗಳ ಪತ್ರಗಳು, ಸಭೆಯ ನಡಾವಳಿಗಳು ಇದ್ದವು. ಎಲ್ಲವೂ ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಶೈಲಿಯಲ್ಲಿ ಟೈಪಾದವು. ಈ ಅಕ್ಷರಶೈಲಿಗಳಲ್ಲಿ ಕಡತದ ಒಳಗೆ ಇರುವುದು ಕನ್ನಡವಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಬರೆದಿಟ್ಟಿರುತ್ತಾರೆ, ಆ ಫಾಂಟ್ ಇರುವವರೆಗೆ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಫಾಂಟ್ ಇಲ್ಲದ ಯಂತ್ರದಲ್ಲಿ ‘ಕನ್ನಡ’ ಎಂಬ ಪದವನ್ನು ತೆರೆದರೆ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟು ಎಳೆದ ಎ, ಆಮೇಲೆ ಬ್ರಿಟಿಷ್ ಪೌಂಡಿನ ಚಿಹ್ನೆ ಹೀಗೆ ಸಾಲುಗಟ್ಟಿ ಕಾಣಿಸುತ್ತವೆ. ಎಲ್ಲ ಲಿಪಿಗಳಿಗೂ ಸೇರಿ ಇರುವ ಸಂಕೇತಪಟ್ಟಿಯಾದ ಯೂನಿಕೋಡ್‌ನಲ್ಲಿ ಹಾಗಲ್ಲ, ಅಲ್ಲಿ ಕನ್ನಡಕ್ಕೆ ತನ್ನದೇ ಆದ 128 ಸ್ಥಾನಗಳ ವಠಾರವಿದೆ, ಯಾವ ಫಾಂಟ್ ಹಾಕಿದರೂ ಕ ಎಂಬುದು ಕ ಆಗಿಯೇ ಇರುತ್ತದೆ, ಹುಡುಕಿದರೆ ಸಿಗುತ್ತದೆ.

ಆದ್ದರಿಂದ ವಿಂಡೋಸ್ ಇನ್ನೂ ಇರುವಾಗಲೇ ಮೂರು ಕೆಲಸ ಮಾಡಿಕೊಳ್ಳಿ. ಮುಖ್ಯವಾದ ಪ್ರತಿ ಕಡತವನ್ನೂ ಪಿಡಿಎಫ್ ಮಾಡಿಟ್ಟುಕೊಳ್ಳಿ. ಅದರೊಳಗೆ ಫಾಂಟ್ ಸೇರಿಹೋಗುವುದರಿಂದ ಪತ್ರದ ರೂಪ ಎಲ್ಲಿ ತೆರೆದರೂ ಹಾಗೆಯೇ ಉಳಿಯುತ್ತದೆ, ಆದರೆ ಅದರಲ್ಲಿ ಪದ ಹುಡುಕಲು ಬರುವುದಿಲ್ಲ. ಎರಡನೆಯದಾಗಿ, ನುಡಿಯ ಫಾಂಟ್ ಕಡತಗಳನ್ನು ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ನಕಲು ಮಾಡಿಕೊಳ್ಳಿ. ಲಿನಕ್ಸ್‌ನಲ್ಲೂ ಅವನ್ನು ಸ್ಥಾಪಿಸಿಕೊಂಡರೆ ಹಳೆಯ ಕಡತಗಳು, ಪತ್ರ ಮತ್ತು ಲೆಕ್ಕದ ಹಾಳೆ ಬರೆಯುವ ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್‌ನಲ್ಲಿ ಸಾಮಾನ್ಯವಾಗಿ ಓದುವಂತೆ ತೆರೆದುಕೊಳ್ಳುತ್ತವೆ. ಮೂರನೆಯದು, ಮುಂದೆ ತಿದ್ದಬೇಕಾದ ಕಡತಗಳನ್ನು ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು. ಇದಕ್ಕೆ ಉಚಿತ ಪರಿವರ್ತಕಗಳು ಹಲವಿವೆ.

ಪರಿವರ್ತನೆಯಾದ ಮೇಲೆ ಎರಡು ಕಡೆ ಕಣ್ಣಿಟ್ಟು ಓದಬೇಕು. ಒಂದು ಅರ್ಕಾವತ್ತು. ಹಳೆಯ ವಿಧಾನದಲ್ಲಿ ಅದನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ, ಇಟ್ಟಿರುತ್ತಾರೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮದಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಇದನ್ನು ಹಿಂದುಮುಂದು ಮಾಡಿ ಜೋಡಿಸುವಾಗ ಎಡವುವುದುಂಟು. ದೊಡ್ಡಪ್ಪನ ಪ್ರತಿ ಪತ್ರದ ಕೊನೆಯಲ್ಲೂ ‘ಕಾರ್ಯದರ್ಶಿ’ ಎಂದಿತ್ತು. ಆ ಒಂದೇ ಪದದಲ್ಲಿ ಎರಡು ಅರ್ಕಾವತ್ತುಗಳಿರುವುದರಿಂದ ಪರಿವರ್ತಕ ಸರಿಯಿದೆಯೇ ಎಂದು ನೋಡಲು ಅದೇ ಪರೀಕ್ಷೆಯಾಯಿತು. ಇನ್ನೊಂದು, ನಡುವೆ ಬಂದ ಇಂಗ್ಲಿಷ್. ಪರಿವರ್ತಕಕ್ಕೆ ಯಾವುದು ನಿಜವಾದ ಇಂಗ್ಲಿಷ್, ಯಾವುದು ಕನ್ನಡದ ವೇಷ ಎಂಬುದು ತಿಳಿಯದೆ, ಬ್ಯಾಂಕಿನ ಐಎಫ್‌ಎಸ್‌ಸಿ ಸಂಕೇತದ ಅಕ್ಷರಗಳನ್ನೂ ಅದು ಕನ್ನಡದ ಚೂರುಗಳನ್ನಾಗಿ ಮಾಡಿಬಿಡುತ್ತದೆ. ಹಣದ ವಿವರ ಇರುವ ಪ್ರತಿಯೊಂದು ಕಡತವನ್ನೂ ಪಿಡಿಎಫ್ ಪ್ರತಿಯ ಪಕ್ಕದಲ್ಲಿಟ್ಟು ಒಮ್ಮೆ ತಾಳೆ ನೋಡಿ. ನಮಗೆ ಇದಕ್ಕೇ ಒಂದು ಮಧ್ಯಾಹ್ನ ಹಿಡಿಯಿತು, ಮತ್ತು ಇಡೀ ಕೆಲಸದಲ್ಲಿ ಅತ್ಯಂತ ಸಾರ್ಥಕವಾದ ಮಧ್ಯಾಹ್ನವೂ ಅದೇ.

ಎಸ್‌ಎಸ್‌ಡಿ ಹಾಕಿಸುವುದು

ಹಳೆಯ ಲ್ಯಾಪ್‌ಟಾಪು ನಿಧಾನವಾಗಿರುವುದಕ್ಕೆ ಬಹುಮಟ್ಟಿಗೆ ಕಾರಣ ಅದರೊಳಗೆ ತಿರುಗುವ ಹಾರ್ಡ್ ಡಿಸ್ಕ್. ಗ್ರಾಮೊಫೋನ್ ತಟ್ಟೆಯ ಮೇಲಿನ ಮುಳ್ಳಿನಂತೆ ಅದರ ಓದುವ ಕಡ್ಡಿ ಒಂದೊಂದು ತುಣುಕಿಗೂ ಜಾಗ ಬದಲಿಸಬೇಕಾಗುತ್ತದೆ. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಎರಡೂವರೆ ಅಂಗುಲದ ಸಾಟಾ ಎಸ್‌ಎಸ್‌ಡಿ ಆ ಹಳೆಯ ಡಿಸ್ಕ್ ಇದ್ದ ಜಾಗದಲ್ಲೇ ಕೂರುತ್ತದೆ. 240 ಅಥವಾ 256 ಜಿಬಿ ಸಾಕು. ಇದಕ್ಕಾಗಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಬೇಕಾಗಿಲ್ಲ, ತುಮಕೂರಿನಲ್ಲೂ ತಿಪಟೂರಿನಲ್ಲೂ ಸಿಗುತ್ತದೆ. ರ‍್ಯಾಮ್ 4 ಜಿಬಿ ಇದ್ದರೆ, ಖಾಲಿ ಸ್ಲಾಟ್ ಇದೆಯೇ ಎಂದು ನೋಡಿ 8 ಮಾಡಿಸಿಕೊಳ್ಳಿ. ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡಿದ್ದರೆ ಎಸ್‌ಎಸ್‌ಡಿಗೇ ಹಾಕಿ.

ಇದರಲ್ಲಿ ವೇಗಕ್ಕಿಂತ ದೊಡ್ಡ ಅನುಕೂಲ ಒಂದಿದೆ. ಹಳೆಯ ಡಿಸ್ಕ್ ಯಂತ್ರದಿಂದ ಹೊರಗಿರುವುದರಿಂದ ಸ್ಥಾಪನೆಯ ವೇಳೆ ಕೈತಪ್ಪಿದರೂ ಅದರಲ್ಲಿರುವುದು ಅಳಿಸಿಹೋಗುವುದಿಲ್ಲ. ತೆಗೆಯುವ ಮುನ್ನ ಶಿಫ್ಟ್ ಕೀಲಿ ಹಿಡಿದು ಶಟ್‌ಡೌನ್ ಒತ್ತಿ, ಆಗ ವಿಂಡೋಸ್ ಪೂರ್ಣವಾಗಿ ಮುಚ್ಚಿಕೊಳ್ಳುತ್ತದೆ. ಸುಮ್ಮನೆ ಶಟ್‌ಡೌನ್ ಮಾಡಿದರೆ ಅರ್ಧ ನಿದ್ರೆಯ ಸ್ಥಿತಿಯಲ್ಲಿರುವುದರಿಂದ ಲಿನಕ್ಸ್‌ನಲ್ಲಿ ಆ ಡಿಸ್ಕಿಗೆ ಬರೆಯಲು ಆಗದೇ ಹೋಗಬಹುದು. ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಆಗಿದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳದೆ ಒಂದು ಹೆಜ್ಜೆಯೂ ಮುಂದಿಡಬೇಡಿ.

ಪೆನ್‌ಡ್ರೈವ್ ಸಿದ್ಧಪಡಿಸಿ, ಮೊದಲು ಪರೀಕ್ಷಿಸುವುದು

ಲಿನಕ್ಸ್‌ನಲ್ಲಿ ನೂರಾರು ಬಗೆಗಳಿವೆ. ಹೊಸಬರಿಗೆ ನಾನು ಕೊಡುವುದು ಲಿನಕ್ಸ್ ಮಿಂಟ್ ಒಂದನ್ನೇ. ಕೆಳಗಡೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಎಲ್ಲವೂ ವಿಂಡೋಸ್‌ನವರ ಕೈಗೆ ಒಗ್ಗುವಂತಿವೆ, ಖಾತೆ ತೆರೆಯಿರಿ ಎಂದು ಪೀಡಿಸುವುದಿಲ್ಲ, ಜಾಹೀರಾತು ತೋರಿಸುವುದಿಲ್ಲ. ಅದರ 22ನೇ ಸರಣಿ, ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ 24.04 ಆವೃತ್ತಿಯ ಮೇಲೆ ಕಟ್ಟಿದ್ದು, 2029ರವರೆಗೆ ಭದ್ರತಾ ತಿದ್ದುಪಡಿ ಪಡೆಯುತ್ತದೆ. 4 ಜಿಬಿ ರ‍್ಯಾಮ್ ಇರುವವರು ಎಕ್ಸ್‌ಎಫ್‌ಸಿಇ ಆವೃತ್ತಿಯನ್ನೂ, 8 ಇರುವವರು ಸಿನಮನ್ ಆವೃತ್ತಿಯನ್ನೂ ತೆಗೆದುಕೊಳ್ಳಿ.

ಹಳೆಯ ಡಿಸ್ಕ್ ತೆಗೆಯುವ ಮುನ್ನವೇ, ಇಲ್ಲವೇ ಬೇರೊಂದು ಕಂಪ್ಯೂಟರಿನಲ್ಲಿ, ಮಿಂಟ್‌ನ ಅಧಿಕೃತ ತಾಣದಿಂದ ಅದರ ಸ್ಥಾಪನಾ ಪ್ರತಿಯಾದ ಐಎಸ್‌ಒ ಕಡತವನ್ನು ಇಳಿಸಿಕೊಂಡು, ಅದರ ಎಸ್‌ಎಚ್‌ಎ256 ಮೊತ್ತವನ್ನು ತಾಣದಲ್ಲಿ ಕೊಟ್ಟಿರುವುದರೊಂದಿಗೆ ಹೋಲಿಸಿ. ಅದು 64 ಅಕ್ಷರ–ಅಂಕಿಗಳ ಸಾಲು. ಕಡತದ ಒಂದೇ ಒಂದು ಬಿಟ್ ಬದಲಾದರೂ ಇಡೀ ಸಾಲು ಬೇರೆಯಾಗುತ್ತದೆ. ನಮ್ಮ ಕಡೆ ನಡುವೆ ಕರೆಂಟು ಹೋಗಿ ಡೌನ್‌ಲೋಡ್ ಅರ್ಧಕ್ಕೆ ನಿಲ್ಲುವುದು ಸಾಮಾನ್ಯವಾದ್ದರಿಂದ ಈ ಪರೀಕ್ಷೆಯನ್ನು ಬಿಡಬೇಡಿ. ಆಮೇಲೆ ರೂಫಸ್ ಅಥವಾ ಬಲೀನಾ ಎಚರ್ ಎಂಬ ಉಚಿತ ತಂತ್ರಾಂಶದಿಂದ ಅದನ್ನು 8 ಜಿಬಿಯ ಪೆನ್‌ಡ್ರೈವಿಗೆ ಬರೆಯಿರಿ. ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ.

ಈಗ ಯಂತ್ರವನ್ನು ಆಫ್ ಮಾಡಿ, ಮತ್ತೆ ಆನ್ ಮಾಡುತ್ತಿದ್ದಂತೆ ಬೂಟ್ ಮೆನುವಿನ ಕೀಲಿಯನ್ನು ಬಿಡದೆ ತಟ್ಟುತ್ತಿರಿ. ಡೆಲ್ ಮತ್ತು ಲೆನೊವೊ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್. ಪೆನ್‌ಡ್ರೈವನ್ನು ಆರಿಸಿದರೆ ಮಿಂಟ್ ಡಿಸ್ಕನ್ನು ಮುಟ್ಟದೆಯೇ ಓಡತೊಡಗುತ್ತದೆ. ಇಲ್ಲಿ ಆತುರ ಬೇಡ. ವೈಫೈ ಸಿಗುತ್ತಿದೆಯೇ, ಧ್ವನಿ ಬರುತ್ತಿದೆಯೇ, ಕ್ಯಾಮೆರಾ, ಟಚ್‌ಪ್ಯಾಡ್, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರಾಗುತ್ತಿದೆಯೇ, ಎಲ್ಲವನ್ನೂ ನೋಡಿ. ಪ್ರಿಂಟರನ್ನು ಖಂಡಿತ ಚುಚ್ಚಿ ನೋಡಿ, ಏಕೆಂದರೆ ಹಳೆಯ ಕೆಲವು ಲೇಸರ್ ಪ್ರಿಂಟರ್‌ಗಳಿಗೆ ಲಿನಕ್ಸ್‌ನಲ್ಲಿ ಚಾಲಕ ತಂತ್ರಾಂಶ ಸಿಗುವುದು ಕಷ್ಟ. ವೈಫೈ ಬಾರದಿದ್ದರೆ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಸ್ಥಾಪನೆಯಾದ ಮೇಲೆ ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದ ಚಾಲಕವನ್ನು ಬಹಳ ಸಲ ಅದೇ ಹುಡುಕಿಕೊಡುತ್ತದೆ.

ಸ್ಥಾಪನೆಯ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಪರದೆಯ ಮೇಲಿನ ಇನ್‌ಸ್ಟಾಲ್ ಚಿತ್ರವನ್ನು ಒತ್ತಿ, ಮಲ್ಟಿಮೀಡಿಯಾ ಕೋಡೆಕ್‌ಗಳ ಚೌಕಕ್ಕೆ ಗುರುತು ಹಾಕಿ, ಹೊಸ ಎಸ್‌ಎಸ್‌ಡಿ ಆದ್ದರಿಂದ ಡಿಸ್ಕ್ ಅಳಿಸಿ ಸ್ಥಾಪಿಸು ಎಂಬ ಆಯ್ಕೆ ಕೊಟ್ಟು, ಸಮಯವಲಯಕ್ಕೆ ಕೋಲ್ಕತ್ತಾ ಆರಿಸಿ, ಹೆಸರು ಮತ್ತು ಪಾಸ್‌ವರ್ಡ್ ಬರೆದರೆ ಮುಗಿಯಿತು. ಎಸ್‌ಎಸ್‌ಡಿ ಹಾಕಿಸದೆ ಹಳೆಯ ಡಿಸ್ಕಿಗೇ ಸ್ಥಾಪಿಸುವವರು ಆ ಅಳಿಸುವ ಆಯ್ಕೆಯನ್ನು ಒತ್ತುವ ಮುನ್ನ ಹೊರಗಿನ ನಕಲನ್ನು ಇನ್ನೊಮ್ಮೆ ತೆರೆದು ನೋಡಿ.

ಕನ್ನಡ ಟೈಪಿಂಗ್

ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಐಬಸ್-ಎಂ17ಎನ್ (ibus-m17n) ಎಂಬುದನ್ನು ಹುಡುಕಿ ಸ್ಥಾಪಿಸಿ. ಇನ್‌ಪುಟ್ ಮೆಥಡ್ ಎಂಬಲ್ಲಿ ಐಬಸ್ ಆರಿಸಿ, ಒಮ್ಮೆ ಲಾಗೌಟ್ ಆಗಿ ಮತ್ತೆ ಒಳಬನ್ನಿ. ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಮುಂತಾದ ವಿನ್ಯಾಸಗಳು ಕಾಣುತ್ತವೆ. ನುಡಿಯಲ್ಲಿ ಕೈ ಪಳಗಿದವರಿಗೆ ಬೇಕಾದದ್ದು ಕೆಜಿಪಿ, ಅಂದರೆ ಕನ್ನಡ ಗಣಕ ಪರಿಷತ್ತಿನದು, ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವೇ ಇದರ ಮೂಲ. ಟಿ, ಯು, ಎಂ, ಕೆ, ಶಿಫ್ಟ್ ಹಿಡಿದು ಯು, ಆರ್, ಯು ಒತ್ತಿದರೆ ತುಮಕೂರು ಎಂದು ಮೂಡುತ್ತದೆ. ಒತ್ತಕ್ಷರಕ್ಕೆ ನಡುವೆ ಎಫ್. ದೊಡ್ಡಪ್ಪ ಮೊದಲ ಸಲಕ್ಕೇ ತಮ್ಮ ಹುದ್ದೆಯನ್ನು ತಪ್ಪಿಲ್ಲದೆ ಟೈಪಿಸಿ, ಅದನ್ನು ಅಳಿಸದೆ ಸ್ವಲ್ಪ ಹೊತ್ತು ನೋಡುತ್ತ ಕುಳಿತಿದ್ದರು.

ಅಕ್ಷರಶೈಲಿಗಳಿಗೆ ಅದೇ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಗುಬ್ಬಿ, ನವಿಲು, ಲೋಹಿತ್, ನೋಟೊ ಎಂದು ಹುಡುಕಿದರೆ ಯೂನಿಕೋಡ್ ಫಾಂಟ್‌ಗಳು ಉಚಿತವಾಗಿ ಸಿಗುತ್ತವೆ. ನಮ್ಮ ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಹೆಸರೇ ಪಟ್ಟಿಯಲ್ಲಿ ಕಂಡು ದೊಡ್ಡಪ್ಪ ಅದನ್ನೇ ಹಾಕಿಸಿಕೊಂಡರು. ಪತ್ರಗಳನ್ನು ಲಿಬ್ರೆಆಫೀಸ್ ರೈಟರ್‌ನಲ್ಲಿ ಬರೆದು, ಬೇರೆಯವರಿಗೆ ಕಳುಹಿಸುವಾಗ ಪಿಡಿಎಫ್ ಮಾಡಿ ಕಳುಹಿಸಿ. ಅವರು ತಿದ್ದಬೇಕಾಗಿದ್ದರೆ ಮಾತ್ರ ವರ್ಡ್ ರೂಪದಲ್ಲಿ ಉಳಿಸಿ. ಕೋಷ್ಟಕಗಳು ಸ್ವಲ್ಪ ಸರಿದಿರಬಹುದು, ಕಳುಹಿಸುವ ಮುನ್ನ ನೋಡಿಕೊಳ್ಳಿ.

ಆಮೇಲಿನ ನಿಗಾ

ಅಪ್‌ಡೇಟ್ ಮ್ಯಾನೇಜರ್ ವಾರಕ್ಕೊಮ್ಮೆ ತೆರೆದು ತಿದ್ದುಪಡಿ ಹಾಕಿಕೊಳ್ಳುವುದನ್ನು ರೂಢಿ ಮಾಡಿಕೊಳ್ಳಿ. ಇಷ್ಟು ಶ್ರಮಪಟ್ಟದ್ದೇ ಆ ತಿದ್ದುಪಡಿಗಳಿಗಾಗಿ. ಟೈಮ್‌ಶಿಫ್ಟ್ ಎಂಬುದನ್ನು ತೆರೆದು ವಾರಕ್ಕೊಂದು ಸ್ನ್ಯಾಪ್‌ಶಾಟ್ ತೆಗೆಯುವಂತೆ ಹೊಂದಿಸಿ. ಯಾವುದಾದರೂ ತಿದ್ದುಪಡಿಯಿಂದ ಯಂತ್ರ ಹದಗೆಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು. ಅದು ವ್ಯವಸ್ಥೆಯನ್ನು ಮಾತ್ರ ಕಾಪಾಡುತ್ತದೆ, ನಿಮ್ಮ ಪತ್ರ–ಫೋಟೋಗಳಿಗೆ ಹೊರಗಿನ ನಕಲು ಬೇಕೇ ಬೇಕು. ಹೊಸ ತಂತ್ರಾಂಶ ಏನು ಬೇಕಾದರೂ ಸಾಫ್ಟ್‌ವೇರ್ ಮ್ಯಾನೇಜರ್‌ನಿಂದಲೇ ತೆಗೆದುಕೊಳ್ಳಿ. ಯಾವುದೋ ತಾಣದಲ್ಲಿ ಕಂಡ ಆಜ್ಞೆಯನ್ನು ಅರ್ಥವಾಗದೆ ಟರ್ಮಿನಲ್ಲಿಗೆ ಅಂಟಿಸಬೇಡಿ.

ಹೊರತೆಗೆದ ಹಳೆಯ ಹಾರ್ಡ್ ಡಿಸ್ಕನ್ನು ಕೂಡಲೇ ಬೇರೆ ಕೆಲಸಕ್ಕೆ ಹಚ್ಚಬೇಡಿ. ಕನಿಷ್ಠ ಆರು ತಿಂಗಳು, ಮರೆತ ಕಡತ ಯಾವುದಾದರೂ ನೆನಪಾಗುವವರೆಗೆ, ಅದನ್ನು ಹಾಗೆಯೇ ಇಡಿ. ನಮ್ಮಲ್ಲಿ ನಾಲ್ಕನೇ ತಿಂಗಳಿಗೆ ಹಳೆಯ ಸದಸ್ಯರ ಪಟ್ಟಿಯೊಂದು ಬೇಕಾಗಿ, ಯುಎಸ್‌ಬಿ ಕೇಸಿನಲ್ಲಿ ಡಿಸ್ಕ್ ಹಾಕಿ ಚುಚ್ಚಿದಾಗ ಡೆಸ್ಕ್‌ಟಾಪಿನ ಮೇಲಿದ್ದ ಒಂದು ಫೋಲ್ಡರಿನಲ್ಲಿ ಅದು ಸಿಕ್ಕಿತು. ದೊಡ್ಡಪ್ಪ ಆ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ, ಮೇಲೆ ತಾರೀಖು ಬರೆದ ಚೀಟಿ ಅಂಟಿಸಿ, ಜಮೀನಿನ ಪಹಣಿಗಳ ಜೊತೆ ಬೀರುವಿನಲ್ಲಿ ಇಟ್ಟಿದ್ದಾರೆ.